ಕುಪ್ಪೇಲೂರಿನ ಚಕ್ಕಡಿ ದಾರಿಯೂ ಎರಡು ಸೆಕೆಂಡಿನ ನಿಲುಗಡೆಯೂ

ಬೆಂಗಳೂರಿನಿಂದ ರಾಣೆಬೆನ್ನೂರಿಗೆ ರಸ್ತೆಯಲ್ಲಿ ಸುಮಾರು 300 ಕಿ.ಮೀ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹರಿಹರಗಳನ್ನು ಹಿಂದೆ ಹಾಕಿ, ತುಂಗಭದ್ರೆಯ ಸೇತುವೆ ದಾಟಿ ಬಸ್ಸು ಊರು ಮುಟ್ಟುವ ಹೊತ್ತಿಗೆ ಐದಾರು ತಾಸು ಕಳೆದಿರುತ್ತದೆ. ಹೆಚ್ಚು ಕಡಿಮೆ ಇಷ್ಟೇ ದೂರವನ್ನು, ಅಂದರೆ 307 ಕಿ.ಮೀ.ಗಳನ್ನು, ಜರ್ಮನಿಯ ಸೆಬಾಸ್ಟಿಯನ್ ವೆಟೆಲ್ 2013ರ ಅಕ್ಟೋಬರ್ 27ರಂದು 1 ಗಂಟೆ 31 ನಿಮಿಷಗಳಲ್ಲಿ ಓಡಿ ಮುಗಿಸಿದ. ದೆಹಲಿ ಸಮೀಪದ ಗ್ರೇಟರ್ ನೋಯ್ಡಾದ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟ್‌ನಲ್ಲಿ ನಡೆದ ಇಂಡಿಯನ್ ಗ್ರ್ಯಾನ್ ಪ್ರಿ ಅದು. ವೆಟೆಲ್ ನಡುವೆ ಎರಡು ಸಲ ಕಾರು ನಿಲ್ಲಿಸಿದ. ಸರಿಯಾದ ಹೊತ್ತಿಗೆ ನಿಂತದ್ದೇ ಅವನ ಗೆಲುವಿಗೆ ದಾರಿಯಾಯಿತು!

ಓಟದಲ್ಲಿ ನಿಂತವನು ಗೆಲ್ಲುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ದೆಹಲಿಯ ತನಕ ಹೋಗಬೇಕಾಗಿಲ್ಲ. ರಾಣೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಕುಪ್ಪೇಲೂರಿನ ದಾರಿ ಹಿಡಿದರೆ ಸಾಕು.

ಕುಪ್ಪೇಲೂರು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಒಂದು ಹೋಬಳಿ ಸ್ಥಳ. 1997ರಲ್ಲಿ ಹಾವೇರಿ ಜಿಲ್ಲೆ ಹುಟ್ಟುವವರೆಗೆ ಈ ಸೀಮೆಯೆಲ್ಲ ಧಾರವಾಡ ಜಿಲ್ಲೆಗೆ ಸೇರಿತ್ತು. ತಾಲ್ಲೂಕು ಎರಡು ಸಂಗತಿಗಳಿಗೆ ಹೆಸರುವಾಸಿ. ಒಂದು, ನಾಡಿನ ರೈತರಿಗೆ ಬೀಜ ಒದಗಿಸುವ ಬೀಜೋತ್ಪಾದನೆ. ಇನ್ನೊಂದು, 119 ಚದರ ಕಿ.ಮೀ. ವಿಸ್ತೀರ್ಣದ ಕೃಷ್ಣಮೃಗ ಅಭಯಾರಣ್ಯ. ಬೆದರಿದ ಕೃಷ್ಣಮೃಗ ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಓಡಬಲ್ಲದು. ಈ ಅಂಕಿಯನ್ನು ಮಕ್ಕಳು ನೆನಪಿನಲ್ಲಿ ಇಟ್ಟುಕೊಳ್ಳಲಿ, ಮುಂದೆ ಬೇಕಾಗುತ್ತದೆ.

ಮುಂಗಾರಿನ ಮೊದಲ ದಿನಗಳಲ್ಲಿ ಇಲ್ಲಿಯ ಹೊಲಗಳತ್ತ ಹೋದವರ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತು ‘ಹದ’. ಮಳೆ ಬಿದ್ದ ಕೂಡಲೇ ಎರೆಭೂಮಿಗೆ ಕೂರಿಗೆ ಇಳಿಸುವಂತಿಲ್ಲ, ಮಣ್ಣು ಮೆತ್ತಿಕೊಳ್ಳುತ್ತದೆ. ನಾಲ್ಕು ದಿನ ಹೆಚ್ಚು ಕಾದರೆ ಹಸಿ ಆರಿ ಮೊಳಕೆ ಏಳುವುದಿಲ್ಲ. ಇವೆರಡರ ನಡುವಿನ ಕಿರಿದಾದ ಅವಧಿಯೇ ಹದ. ಹಿರಿಯರು ಮುಷ್ಟಿಯಲ್ಲಿ ಮಣ್ಣು ಹಿಡಿದು ಒತ್ತಿ ನೋಡುತ್ತಾರೆ. ಮುದ್ದೆಯಾಗಿ ಅಂಟಿದರೆ ಇನ್ನೂ ಹಸಿ, ಹುಡಿಯಾಗಿ ಉದುರಿದರೆ ಹದ ಹೋಯಿತು. ‘ಹದ ಹೋದ ಮ್ಯಾಲೆ ಬೀಜ ಚೆಲ್ಲಿ ಏನ್ ಮಾಡ್ತೀಯೋ ತಮ್ಮಾ?’ ಎಂಬ ಬೈಗುಳ ಇಲ್ಲಿಯ ಮನೆಗಳಿಗೆ ಹೊಸದಲ್ಲ.

ಮೋಟಾರು ಓಟದ ರಹಸ್ಯವೂ ಈ ಹದದಲ್ಲೇ ಇದೆ. ಫಾರ್ಮುಲಾ ಒನ್ ಕಾರಿನ ಟಯರು ತಣ್ಣಗಿದ್ದಾಗ ರಸ್ತೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಒಂದು ಉಷ್ಣತೆಗೆ ಬಂದಾಗ ರಬ್ಬರು ಮೆತ್ತಗಾಗಿ ಘರ್ಷಣೆ ಹೆಚ್ಚುತ್ತದೆ, ತಿರುವಿನಲ್ಲೂ ಕಾರು ಜಾರದು. ಮಿತಿಮೀರಿ ಕಾದರೆ ಅದೇ ರಬ್ಬರು ಗುಳ್ಳೆ ಎದ್ದು ಸವೆಯುತ್ತದೆ. ಮೆದು ರಬ್ಬರಿನ ಟಯರು ಬೇಗ ಹದಕ್ಕೆ ಬಂದು ಬೇಗ ಸವೆದರೆ, ಗಟ್ಟಿ ರಬ್ಬರಿನದು ವೇಗದಲ್ಲಿ ತುಸು ಹಿಂದೆ, ಬಾಳಿಕೆಯಲ್ಲಿ ಮುಂದೆ. ಒಣ ಹವೆಯ ಓಟದಲ್ಲಿ ಕನಿಷ್ಠ ಎರಡು ಬಗೆಯ ಟಯರು ಬಳಸಲೇಬೇಕೆಂಬುದು ನಿಯಮ. ಆದ್ದರಿಂದ ಪ್ರತಿಯೊಬ್ಬ ಚಾಲಕನೂ ಒಮ್ಮೆಯಾದರೂ ‘ಪಿಟ್’ ಎಂಬ ಪಕ್ಕದ ಓಣಿಗೆ ಬಂದು ನಿಲ್ಲಬೇಕು.

ಅಲ್ಲಿ ಸುಮಾರು ಇಪ್ಪತ್ತು ಮಂದಿ ಕಾದಿರುತ್ತಾರೆ. ಪ್ರತಿ ಗಾಲಿಗೆ ಮೂವರು: ಒಬ್ಬ ಬಿಚ್ಚುವವನು, ಒಬ್ಬ ಹಳೆಯ ಗಾಲಿ ಎಳೆಯುವವನು, ಒಬ್ಬ ಹೊಸದನ್ನು ಕೂರಿಸುವವನು. ಹಿಂದೆ ಮುಂದೆ ಜಾಕ್ ಹಿಡಿದವರು ಬೇರೆ. 2010ರಿಂದ ಓಟದ ನಡುವೆ ಇಂಧನ ತುಂಬುವುದನ್ನು ನಿಷೇಧಿಸಿದ್ದರಿಂದ ಈಗ ಮುಖ್ಯವಾಗಿ ಟಯರಿನ ಕೆಲಸ. 2023ರ ಅಕ್ಟೋಬರ್‌ನಲ್ಲಿ ಕತಾರ್‌ನಲ್ಲಿ ಮೆಕ್‌ಲಾರೆನ್ ತಂಡ ಲ್ಯಾಂಡೊ ನಾರಿಸ್‌ನ ಕಾರಿನ ನಾಲ್ಕೂ ಗಾಲಿಗಳನ್ನು 1.80 ಸೆಕೆಂಡಿನಲ್ಲಿ ಬದಲಿಸಿತು.

ಹಾಗಾದರೆ ನಷ್ಟ ಎರಡು ಸೆಕೆಂಡು ಮಾತ್ರವೇ? ಅಲ್ಲ. ಪಿಟ್ ಓಣಿಯಲ್ಲಿ ವೇಗ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರುವಂತಿಲ್ಲ. ಅಂದರೆ ಅಲ್ಲಿ ಕಾರಿಗೂ ರಾಣೆಬೆನ್ನೂರಿನ ಕೃಷ್ಣಮೃಗಕ್ಕೂ ಸರಿಸಾಟಿ! ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಓಣಿಯ ಉದ್ದ 400 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22.2 ಮೀಟರ್, ದಾಟಲು 18 ಸೆಕೆಂಡು ಬೇಕು. ನಿಲ್ಲದೆ ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಹೋಗುವವನಿಗೆ ಅದೇ ದೂರಕ್ಕೆ 5 ಸೆಕೆಂಡು ಸಾಕು. ವ್ಯತ್ಯಾಸ 13. ನಿಂತ ಎರಡೂವರೆ ಸೆಕೆಂಡು ಸೇರಿಸಿದರೆ ಒಟ್ಟು ಹದಿನೈದೂವರೆ ಸೆಕೆಂಡು ನಷ್ಟ. ಹೊಸ ಟಯರು ಸುತ್ತಿಗೆ ಒಂದು ಸೆಕೆಂಡು ಉಳಿಸಿಕೊಟ್ಟರೆ ಹದಿನಾರನೆಯ ಸುತ್ತಿನಲ್ಲಿ ಸಾಲ ತೀರುತ್ತದೆ. ಇನ್ನೂ ಇಪ್ಪತ್ತು ಸುತ್ತು ಉಳಿದಿದ್ದರೆ ನಿಲ್ಲುವುದು ಲಾಭ, ಹತ್ತೇ ಉಳಿದಿದ್ದರೆ ನಷ್ಟ. ಇಷ್ಟು ಸರಳವಾದ ಭಾಗಾಕಾರವೇ ಕೋಟ್ಯಂತರ ರೂಪಾಯಿಯ ಓಟದ ಬುನಾದಿ.

2013ರ ಆ ದಿನ ವೆಟೆಲ್‌ಗೆ ಮೊದಲ ಸ್ಥಾನದಿಂದ ಹೊರಡುವ ಅವಕಾಶವಿತ್ತು, ಆದರೆ ಅಂದಿನ ನಿಯಮದಂತೆ ಮೆದು ಟಯರಿನಲ್ಲೇ ಹೊರಡಬೇಕಿತ್ತು. ಆ ಟಯರು ಬಹಳ ಬೇಗ ಕೆಡುತ್ತದೆಂದು ತಂಡಕ್ಕೆ ಗೊತ್ತಿತ್ತು. 60 ಸುತ್ತಿನ ಓಟದ ಎರಡನೆಯ ಸುತ್ತಿಗೇ ಅವನನ್ನು ಪಿಟ್‌ಗೆ ಕರೆಸಿಕೊಂಡರು. ಮುಂದಿದ್ದವನು ಹೊರಬರುವಾಗ 17ನೆಯವನಾಗಿದ್ದ. ನೋಡುವವರಿಗೆ ಅದು ಹುಚ್ಚುತನ. ಆದರೆ ಗಟ್ಟಿ ಟಯರಿನಲ್ಲಿ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತ ಬಂದು, ಎರಡನೆಯವನಾದ ನಿಕೊ ರಾಸ್‌ಬರ್ಗ್‌ಗಿಂತ ಸುಮಾರು 30 ಸೆಕೆಂಡು ಮುಂಚೆ ಗುರಿ ಮುಟ್ಟಿ ಸತತ ನಾಲ್ಕನೆಯ ವಿಶ್ವ ಪ್ರಶಸ್ತಿ ಗೆದ್ದ. ಮೂರನೆಯವನಾದ ರೊಮೇನ್ ಗ್ರೋಜಾನ್ ಇದಕ್ಕೆ ವಿರುದ್ಧವಾದ ಉಪಾಯ ಹೂಡಿದ. 17ನೆಯ ಸ್ಥಾನದಿಂದ ಹೊರಟು, ಒಂದೇ ಸಲ ನಿಂತು, ಟಯರನ್ನು ಕಾಪಾಡಿಕೊಂಡು ಮೇಲೆ ಬಂದ. ಅದೇ ಒಂದು ನಿಲುಗಡೆಯ ಉಪಾಯ ನೆಚ್ಚಿದ ಕಿಮಿ ರೈಕನೆನ್‌ಗೆ ಟಯರು ಸವೆದು ಕೊನೆಯಲ್ಲಿ ಕೈಕೊಟ್ಟಿತು, ಏಳನೆಯ ಸ್ಥಾನಕ್ಕೆ ಇಳಿದ.

ಇದರಲ್ಲಿ ಕುಪ್ಪೇಲೂರಿನ ರೈತನಿಗೆ ಅಚ್ಚರಿಯೇನೂ ಇಲ್ಲ. ರೋಹಿಣಿ ಮಳೆಗೇ ಬಿತ್ತಬೇಕೆ, ಮೃಗಶಿರಕ್ಕೆ ಕಾಯಬೇಕೆ ಎಂಬುದು ಇಂಥದೇ ತೀರ್ಮಾನ. ಒಬ್ಬ ಬೇಗ ಬಿತ್ತಿ ಗೆಲ್ಲುತ್ತಾನೆ, ಇನ್ನೊಬ್ಬ ಕಾದು ಗೆಲ್ಲುತ್ತಾನೆ. ಬೇಗ ಬಿತ್ತಿದ ಮೂರನೆಯವನು ನಡುವೆ ಮಳೆ ಕೈಕೊಟ್ಟು ಎರಡನೆಯ ಸಲ ಬೀಜ ಕೊಳ್ಳುತ್ತಾನೆ. ಅವನ ನಷ್ಟ ಸೆಕೆಂಡಿನ ಲೆಕ್ಕದ್ದಲ್ಲ. ಮಕ್ಕಳ ಕಾಲೇಜಿನ ಫೀಜಿನ ಲೆಕ್ಕದ್ದು.

ಗಾಲಿಯ ವಿದ್ಯೆಯೂ ಈ ಸೀಮೆಗೆ ಹೊಸದಲ್ಲ. ಟ್ರ್ಯಾಕ್ಟರು ಬರುವ ಮುಂಚೆ ಊರೂರಿನ ಬಡಿಗ, ಕಮ್ಮಾರರ ಕೈಯಲ್ಲಿ ಚಕ್ಕಡಿಗಳು ತಯಾರಾಗುತ್ತಿದ್ದವು. ಮರದ ಗಾಲಿಗಿಂತ ತುಸು ಚಿಕ್ಕದಾದ ಕಬ್ಬಿಣದ ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಗಳಿಗೆಯಲ್ಲಿ ಗಾಲಿಗೆ ತೊಡಿಸಿ ನೀರು ಸುರಿಯುತ್ತಿದ್ದರು. ಹಳಿ ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತು. ಶಾಲೆಯ ಪುಸ್ತಕದ ‘ಘನವಸ್ತುಗಳ ಉಷ್ಣ ವ್ಯಾಕೋಚನ’ ಕುಲುಮೆಯ ಮುಂದೆ ನಿತ್ಯದ ಪಾಠವಾಗಿತ್ತು. ಇಷ್ಟೆಲ್ಲ ಮಾಡಿದರೂ ಗಾಲಿಯನ್ನು ಅಚ್ಚಿನಲ್ಲಿ ಹಿಡಿದಿಡುವುದು ತುದಿಯ ಒಂದು ಸಣ್ಣ ಕೀಲು, ಕಡಾಣಿ. ಅದು ಜಾರಿದರೆ ಎಂಥ ಎತ್ತಿನ ಜೋಡಿಯಿದ್ದೂ ಉಪಯೋಗವಿಲ್ಲ.

ಫಾರ್ಮುಲಾ ಒನ್ ಕಾರಿನ ಗಾಲಿಯನ್ನೂ ಹಿಡಿದಿಡುವುದು ಒಂದೇ ನಟ್ಟು. 2021ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಎರಡನೆಯ ಸ್ಥಾನದಲ್ಲಿದ್ದ ವಾಲ್ಟೆರಿ ಬೊಟಾಸ್ ಪಿಟ್‌ಗೆ ಬಂದಾಗ ಮುಂದಿನ ಬಲಗಾಲಿಯ ನಟ್ಟು ಅರೆದುಹೋಗಿ ಬಿಚ್ಚಲೇ ಇಲ್ಲ, ಅವನ ಓಟ ಅಲ್ಲಿಗೇ ಮುಗಿಯಿತು. 2013ರ ಜುಲೈನಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆದದ್ದು ಇನ್ನೂ ಭಯಂಕರ. ಗಾಲಿ ಭದ್ರವಾಗುವ ಮೊದಲೇ ಮಾರ್ಕ್ ವೆಬರ್‌ನ ಕಾರನ್ನು ಬಿಟ್ಟುಬಿಟ್ಟರು. ಕಳಚಿ ಉರುಳಿದ ಗಾಲಿ ಕ್ಯಾಮೆರಾ ಹಿಡಿದು ನಿಂತವನೊಬ್ಬನಿಗೆ ಬಡಿದು ಅವನ ಮೂಳೆ ಮುರಿಯಿತು. ಪಿಟ್ ಓಣಿಯ ವೇಗದ ಮಿತಿಯನ್ನು ಗಂಟೆಗೆ 100ರಿಂದ 80 ಕಿ.ಮೀ.ಗೆ ಇಳಿಸಿದ್ದು ಆ ಬಳಿಕವೇ.

ಹಾವೇರಿ ಸೀಮೆಯಲ್ಲಿ ಓಟದ ಹುಚ್ಚು ಕಡಿಮೆಯಿಲ್ಲ. ಖಾಲಿ ಗಾಡಾ ಓಡಿಸುವ ಸ್ಪರ್ಧೆಯೆಂದರೆ ಊರಿಗೆ ಊರೇ ನೆರೆಯುತ್ತದೆ. ಒಂದು ನಿಮಿಷದಲ್ಲಿ ಯಾವ ಜೋಡಿ ಹೆಚ್ಚು ದೂರ ಓಡಿತೆಂದು ಅಳೆದು ಬಹುಮಾನ ಕೊಡುವುದು ಹಲವು ಊರುಗಳ ಪದ್ಧತಿ. ಗ್ರ್ಯಾನ್ ಪ್ರಿಯಲ್ಲಿ ದೂರ ಗೊತ್ತುಮಾಡಿ ಕಾಲ ಅಳೆಯುತ್ತಾರೆ, ಇಲ್ಲಿ ಕಾಲ ಗೊತ್ತುಮಾಡಿ ದೂರ ಅಳೆಯುತ್ತಾರೆ. ಎರಡಕ್ಕೂ ಸೂತ್ರ ಒಂದೇ. ದೀಪಾವಳಿಯ ನಂತರದ ಹೋರಿ ಬೆದರಿಸುವ ಸ್ಪರ್ಧೆಯಲ್ಲಂತೂ ಕೊಬ್ಬರಿ ಹಾರ ಕಟ್ಟಿದ ಹೋರಿಗಳನ್ನು ನೋಡಲು ಸಾವಿರಾರು ಜನ. ಹೋರಿ ಹಾಯ್ದು ಪ್ರಾಣ ಕಳೆದುಕೊಂಡವರ ಸುದ್ದಿಯೂ ಆ ದಿನಗಳಲ್ಲೇ ಬರುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಕರ್ನಾಟಕ 2017ರಲ್ಲಿ ಕಾಯಿದೆ ತಿದ್ದಿ ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಓಟ ಉಳಿಯಿತು. ಪ್ರಾಣಿಗೆ ಹಿಂಸೆಯಾಗದಂತೆ, ನಿಂತು ನೋಡುವವನಿಗೆ ಪೆಟ್ಟಾಗದಂತೆ ನಡೆಸುವ ಹೊಣೆಯೂ ಅದರೊಂದಿಗೆ ಉಳಿಯಿತು.

ಈ ಹೊಣೆ ಜಾತ್ರೆಯ ಬಯಲಿಗೆ ಮಾತ್ರ ಸೀಮಿತವಲ್ಲ. ಹಳ್ಳಿಯ ಒಳದಾರಿಯಲ್ಲಿ ಬೈಕು ಕಲಿತ ಹುಡುಗರು ರಾಣೆಬೆನ್ನೂರಿನ ಹೆದ್ದಾರಿಗೆ ಏರಿದೊಡನೆ ಗಾಳಿಯೊಂದಿಗೆ ಪಂದ್ಯ ಕಟ್ಟುತ್ತಾರೆ. ಟಿ.ವಿ.ಯಲ್ಲಿ ಕಂಡ ಚಾಲಕನ ವೇಗ ಅವರಿಗೆ ನೆನಪಿದೆ. ಅವನನ್ನು ‘ಈಗ ನಿಲ್ಲು’ ಎಂದು ಕರೆದ ತಂಡ, ಒಂದು ಸೆಕೆಂಡಿಗೆ ಪ್ರಾಣವೇ ಹೋಗಬಹುದೆಂದು ಕಲಿತ ಕಟ್ಟುಪಾಡು ನೆನಪಿಲ್ಲ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಎದುರಿಗೆ ಎತ್ತು ಅಡ್ಡ ಬಂದದ್ದು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಹಿಡಿದರೆ, ಬ್ರೇಕು ಹಿಡಿಯುವ ಮುಂಚೆಯೇ ಗಾಡಿ 20 ಮೀಟರ್ ಮುಂದೆ ಹೋಗಿರುತ್ತದೆ. ಈ ಲೆಕ್ಕವನ್ನು ತಂದೆ ತಾಯಿ ಮಕ್ಕಳೊಂದಿಗೆ ಕುಳಿತು ಒಮ್ಮೆ ಮಾಡಿ ನೋಡುವುದು ಲೇಸು.

ಈ ಭಾಗವನ್ನು ನೋಡಬಯಸುವವರಿಗೆ ಕಾರ ಹುಣ್ಣಿಮೆಯ ಆಸುಪಾಸಿನ ಜೂನ್ ತಿಂಗಳು ಒಳ್ಳೆಯ ಕಾಲ. ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಸಿಂಗರಿಸಿದ ಎತ್ತುಗಳು ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಕರಿ ಹರಿಯಲು ಓಡುತ್ತವೆ. ಗೆದ್ದದ್ದು ಬಿಳಿ ಎತ್ತೋ ಕೆಂದ ಎತ್ತೋ ಎಂಬುದರ ಮೇಲೆ ಆ ವರ್ಷ ಯಾವ ಬೆಳೆ ಚೆನ್ನಾಗಿ ಬರುತ್ತದೆಂದು ಹಿರಿಯರು ಹೇಳುವುದುಂಟು. ಆ ಫಲಿತಾಂಶ ಸಂಜೆಗೇ ಗೊತ್ತಾಗುತ್ತದೆ. ಹೊಲದ ಫಲಿತಾಂಶಕ್ಕೆ ಇನ್ನೂ ಎಂಟು ಹತ್ತು ದಿನ ಕಾಯಬೇಕು. ಹದ ನೋಡಿ ಬಿತ್ತಿದ ಹೊಲದಲ್ಲಿ ಕೂರಿಗೆ ಹೋದ ದಾರಿಯುದ್ದಕ್ಕೂ ಹಸಿರು ಸಾಲು ಎದ್ದಿರುತ್ತದೆ.