ಹಿಂದಿನ ಚಕ್ರದ ಸದ್ದು

ನಮ್ಮ ಶಂಕಗಿರಿಯಲ್ಲಿ ಗಾಡಿಯ ಸದ್ದಿನ ಬಗ್ಗೆ ಬರೆಯುವುದೆಂದರೆ ಮೀನಿಗೆ ಈಜು ಹೇಳಿಕೊಟ್ಟ ಹಾಗೆ. ಲಾರಿ ಓಡಿಸುವವರು, ಬಾಡಿ ಕಟ್ಟುವವರು, ಟೈರಿಗೆ ಪ್ಯಾಚ್ ಹಾಕುವವರು, ಲೋಡಿನ ಲೆಕ್ಕ ಬರೆಯುವವರು, ಹೀಗೆ ಬೀದಿಗೆ ನಾಲ್ಕು ಜನರಾದರೂ ಗಾಡಿಯ ಅನ್ನ ಉಂಡವರೇ. ನಾನು ಲೆಕ್ಕ ಬರೆಯುವವರ ಪೈಕಿ. ಲಾರಿ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದರೂ ಗಾಡಿಯ ಹೊಟ್ಟೆಯೊಳಗೆ ಏನಿದೆ ಅಂತ ಬಗ್ಗಿ ನೋಡಿದವನಲ್ಲ. ಹಾಗೆ ನೋಡದೆ ಇದ್ದದ್ದಕ್ಕೆ ಏನಾಗಬಹುದಿತ್ತು ಅನ್ನೋದನ್ನ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹಳೆಯ ಚಿಕ್ಕ ಕಾರು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು, ಹಿಂದಿನದಕ್ಕೆ ಡ್ರಮ್ ಬ್ರೇಕು. ಐಪ್ಪಸಿ ತಿಂಗಳ ಮಳೆಯಲ್ಲಿ ಒಂದು ತಿಂಗಳು ಅದನ್ನು ಮನೆಯ ಮುಂದೆ ನಿಲ್ಲಿಸಿಬಿಟ್ಟಿದ್ದೆ, ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು. ಮಳೆ ಬಿಟ್ಟ ಮೇಲೆ ಗಾಡಿ ತೆಗೆದರೆ ಚಕ್ರ ಉರುಳಲಿಲ್ಲ. ಸ್ವಲ್ಪ ಆಕ್ಸಿಲೇಟರ್ ಒತ್ತಿದೆ. ‘ಟಕ್’ ಅಂತ ಏನೋ ಬಿಟ್ಟುಕೊಂಡಿತು, ಗಾಡಿ ಹೊರಟಿತು. ಬಿಡ್ತಲ್ಲ ಸದ್ಯ ಅಂದುಕೊಂಡೆ. ಅವತ್ತಿನಿಂದ ಸುರುವಾಯಿತು: ಗರ್ರ್, ಗರ್ರ್, ಗರ್ರ್. ನಿಧಾನ ಹೋದರೆ ನಿಧಾನ, ಬೇಗ ಹೋದರೆ ಬೇಗ.

ಒಬ್ಬ ಮೆಕ್ಯಾನಿಕ್ ಹತ್ತಿರ ತೋರಿಸಿದೆ. ಓಡಿಸಿ ನೋಡದೆಯೇ ‘ಬೇರಿಂಗ್ ಹೋಗಿದೆ’ ಅಂದ. ಬೇರಿಂಗ್ ಬದಲಾಯಿತು, ದುಡ್ಡೂ ಹೋಯಿತು, ಸದ್ದು ಮಾತ್ರ ಹೋಗಲಿಲ್ಲ. ಮತ್ತೆ ಕೇಳಲು ನಾಚಿಕೆ, ಮತ್ತೆ ಖರ್ಚಿನ ಭಯ. ಹಾಡಿನ ಸದ್ದು ಜೋರು ಮಾಡಿಕೊಂಡೆ. ಹಾಗೇ ಒಂದು ಭಾನುವಾರ ಧರ್ಮಪುರಿಗೆ ಮದುವೆಗೆ ಹೋಗಿ ಬಂದೆವು. ನಾನು, ಹೆಂಡತಿ, ಅಪ್ಪ, ತಂಗಿ ಮಗಳು, ಅವಳ ಎಂಟು ತಿಂಗಳ ಕೂಸು. ಬರುವಾಗ ತೊಪ್ಪೂರು ಘಾಟಿ ಇಳಿಯಬೇಕಲ್ಲ. ಆ ಇಳಿಜಾರಿನಲ್ಲಿ ಎಷ್ಟು ಲಾರಿಗಳು ಬ್ರೇಕು ಸೋತು ಮುಂದಿನ ಗಾಡಿಗೆ ಹೊಡೆದಿವೆ ಅನ್ನೋದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಡೀಸೆಲ್ ಉಳಿಸಲು ಗೇರು ತೆಗೆದು ಜಾರಿಬಿಡುವವರದ್ದೇ ಅಲ್ಲಿ ದೊಡ್ಡ ಕಾಟ. ಗೇರು ತೆಗೆದರೆ ಎಂಜಿನ್ನಿನ ಹಿಡಿತ ತಪ್ಪುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕು ಕಾಯುತ್ತದೆ. ನಾನು ಮೂರನೇ ಗೇರಲ್ಲೇ ಇಳಿಸಿದೆ. ಅದೊಂದು ಬುದ್ಧಿ ಇತ್ತು.

ಮನೆಗೆ ಬಂದು ಇಳಿಯುವಾಗ ಅಪ್ಪ ಹೇಳಿದರು: “ಎಡಗಡೆ ಹಿಂದಿನ ಗಾಲಿ ಸರಿ ಇಲ್ಲ ಕಣಪ್ಪ. ಒಂದು ಸುತ್ತಿಗೆ ಒಂದು ಸಲ ಎಲ್ಲೋ ತಾಗ್ತಾ ಇದೆ.”

ಅಪ್ಪನಿಗೆ ಎಂಬತ್ತು ದಾಟಿದೆ. ಕಿವಿ ಮಂದ. ಟೀವಿಯ ಸುದ್ದಿ ಅವರಿಗೆ ಕೇಳಿಸದು. ‘ನಿಮಗೆ ಹೆಂಗೆ ಕೇಳಿಸ್ತು?’ ಅಂದೆ. “ಕೇಳಿಸ್ಲಿಲ್ಲ. ಕಾಲಿಗೆ ತಿಳೀತು,” ಅಂದರು. ಅವರು ಐವತ್ತು ವರ್ಷ ಗುಂಡಿಮಗ್ಗದಲ್ಲಿ ಕಾಲಾಡಿಸಿದವರು. ಸೇಲಂ ಸುತ್ತಿನ ನಮ್ಮಂಥ ಕನ್ನಡ ಮಾತಿನ ನೇಕಾರ ಮನೆಗಳಲ್ಲಿ ಮಕ್ಕಳಿಗೆ ಜೋಗುಳಕ್ಕಿಂತ ಮುಂಚೆ ಲಾಳಿಯ ಸದ್ದು ಬರುತ್ತಿತ್ತು. ತುಳಿ, ಲಾಳಿ, ಹಲಗೆ. ತುಳಿ, ಲಾಳಿ, ಹಲಗೆ. ಆ ತಾಳದಲ್ಲಿ ಒಂದು ಎಳೆ ಸಿಕ್ಕಿಕೊಂಡರೆ ಕಣ್ಣಿಗೆ ಕಾಣುವ ಮೊದಲೇ ಪಾದಕ್ಕೆ ತಿಳಿಯುತ್ತಿತ್ತಂತೆ.

ಮಾರನೇ ದಿನ ಅಪ್ಪನೇ ಪರೀಕ್ಷೆಗೆ ನಿಂತರು. ಸಪಾಟಾದ ಖಾಲಿ ರಸ್ತೆಗೆ ಕಾರು ಒಯ್ದೆವು. ಮೊದಲು ನಿಂತ ಕಾರಿನಲ್ಲಿ ಎಂಜಿನ್ ಜೋರು ಮಾಡಿದೆ: ಸದ್ದಿಲ್ಲ. ಆಮೇಲೆ ಉರುಳುತ್ತಿರುವಾಗ ಗೇರು ತೆಗೆದೆ: ಸದ್ದು ಇದೆ. ಅಂದರೆ ಎಂಜಿನ್ ಕಳ್ಳ ಅಲ್ಲ. ಇನ್ನು ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಪೂರ್ತಿ ಸುತ್ತು ಉರುಳಿಸಿ ಟೇಪಿನಲ್ಲಿ ಅಳೆದೆ. 1 ಮೀಟರ್ 90 ಸೆಂಟಿಮೀಟರ್. ರಸ್ತೆ ಬದಿಯ 200 ಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನ ತನಕ ನಡಿಗೆಗಿಂತ ತುಸು ಜೋರಾಗಿ ಓಡಿಸಿದೆ, ಅಪ್ಪ ಹಿಂದೆ ಕೂತು ಬೆರಳಲ್ಲಿ ಎಣಿಸಿದರು. 104 ಅಂದರು. 200ನ್ನು 1.9ರಿಂದ ಭಾಗಿಸಿದರೆ 105. ಸುತ್ತಿಗೆ ಒಂದೇ ಸಲ! ಮೇಷ್ಟ್ರುಗಳು ಬೇಕಾದರೆ ಈ ಲೆಕ್ಕವನ್ನು ಐದನೇ ಕ್ಲಾಸಿನ ಮಕ್ಕಳಿಗೆ ಕೊಡಬಹುದು.

ಬೇರಿಂಗ್ ಸವೆದರೆ ಹೀಗೆ ಎಣಿಸಲಾಗದು. ಅದು ಹೂಂಕರಿಸುತ್ತದೆ, ಬಿಡುವಿಲ್ಲದೆ. ತಿರುವಿನಲ್ಲಿ ಭಾರ ಒಂದು ಕಡೆ ವಾಲಿದಾಗ ಸ್ವರ ಬದಲಾಗುತ್ತದೆ. ನಮ್ಮದು ತಿರುವಿನಲ್ಲೂ ಹಾಗೇ ಇತ್ತು. ನಿಧಾನ ಹೋಗುವಾಗ ಹ್ಯಾಂಡ್ ಬ್ರೇಕನ್ನು ಒಂದೇ ಹಲ್ಲು ಎಳೆದೆ, ಗುಂಡಿ ಒತ್ತಿ ಹಿಡಿದುಕೊಂಡೇ. ಸದ್ದು ದಪ್ಪವಾಯಿತು. ಹ್ಯಾಂಡ್ ಬ್ರೇಕು ಹಿಡಿಯುವುದು ಹಿಂದಿನ ಡ್ರಮ್ಮುಗಳನ್ನೇ. ನಿಲ್ಲಿಸಿ ಎರಡೂ ಹಿಂದಿನ ಚಕ್ರಗಳ ನಡುಭಾಗಕ್ಕೆ ಅಂಗೈ ಹತ್ತಿರ ಹಿಡಿದೆ, ಮುಟ್ಟದೆ. ಬಲಗಡೆ ಬೆಚ್ಚಗೆ, ಎಡಗಡೆ ದೋಸೆ ಹಂಚು. ಚಹಾ ಕುಡಿಯಲು ನಿಲ್ಲಿಸಿದ ಲಾರಿ ಡ್ರೈವರುಗಳು ಗಾಡಿಗೆ ಒಂದು ಸುತ್ತು ಬಂದು ಟೈರು ತಟ್ಟಿ ಹಬ್ಬಿನ ಹತ್ತಿರ ಕೈ ಹಿಡಿಯುವುದನ್ನು ದಿನಾ ನೋಡುತ್ತಿದ್ದೆ. ಅದೇನೋ ಅಭ್ಯಾಸ ಅಂದುಕೊಂಡಿದ್ದೆ. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗೆ ಇಟ್ಟು ಕಿವಿಗೊಟ್ಟದ್ದರಿಂದ ಸ್ಟೆತಸ್ಕೋಪು ಹುಟ್ಟಿತಂತೆ. ನಮ್ಮ ಡ್ರೈವರುಗಳದ್ದೂ ಅದೇ ವೈದ್ಯ.

ಬಳಿಕ ಪರಿಚಯದ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಹೋದೆವು. ನಮ್ಮ ಲೆಕ್ಕವನ್ನೆಲ್ಲ ಕೇಳಿ ಅವರು ನಗಲಿಲ್ಲ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ, ಜಾಕಿ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ಟರು. ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಒಂದೇ ಜಾಗದಲ್ಲಿ ಬಿಗಿಯಾಗಿ, ಗರ್ರ್ ಅಂದು, ಮತ್ತೆ ಸಡಿಲ. ಡ್ರಮ್ಮು ಕಳಚಿದರು. ಒಳಗಿನ ಧೂಳನ್ನು ಊದಬೇಡಿ ಅಂದರು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಉಸಿರಿಗೆ ಹೋದರೆ ಪುಪ್ಪುಸಕ್ಕೆ ಕೇಡು. ಒದ್ದೆ ಬಟ್ಟೆಯಲ್ಲಿ ಒರೆಸಿದರು.

ಡ್ರಮ್ಮಿನ ಒಳಮೈಯಲ್ಲಿ ಬ್ರೇಕ್ ಶೂ ಅಂಟಿ ನಿಂತಿದ್ದ ಜಾಗ ಮಾತ್ರ ತುಕ್ಕು ಹಿಡಿದು ಉಬ್ಬಿತ್ತು. ಆ ‘ಟಕ್’ ಅದೇ. ಹ್ಯಾಂಡ್ ಬ್ರೇಕಿನ ಕೇಬಲ್ಲೂ ತುಕ್ಕು ಹಿಡಿದು ಎಡಗಡೆ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಶೂ ಸದಾ ತುಸು ತಾಗಿಕೊಂಡೇ ಇತ್ತು, ಉಬ್ಬು ಬಂದಾಗಲೆಲ್ಲ ಉಜ್ಜುತ್ತಿತ್ತು. ಅದು ಸದ್ದಿನ ಕಥೆ. ಅದಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮೇಸ್ತ್ರಿ ವೀಲ್ ಸಿಲಿಂಡರಿನ ರಬ್ಬರು ಮುಚ್ಚಳವನ್ನು ಬೆರಳಲ್ಲಿ ಎತ್ತಿದರು. ಒಳಗಿಂದ ಬ್ರೇಕ್ ಆಯಿಲ್ ಜಿನುಗಿ ಕೆಳಗೆ ಇಳಿಯಿತು. ಲೈನಿಂಗಿನ ಅಂಚೂ ನೆನೆದಿತ್ತು. “ಇದು ಎಷ್ಟು ದಿನದಿಂದ ಸೋರ್ತಾ ಇದೆ?” ಅಂತ ಕೇಳಿದರು. ನಾನು ಉತ್ತರ ಹೇಳಲಿಲ್ಲ. ಆ ತಿಂಗಳಲ್ಲಿ ಡಬ್ಬಿಯ ಆಯಿಲ್ ಕಮ್ಮಿಯಾಯಿತೆಂದು ಎರಡು ಸಲ ನಾನೇ ತುಂಬಿದ್ದೆ. ಯಾಕೆ ಕಮ್ಮಿಯಾಯಿತು ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಲೈನಿಂಗ್ ಸವೆದ ಹಾಗೆ ಆಯಿಲ್ ಮಟ್ಟ ನಿಧಾನವಾಗಿ ತುಸು ಇಳಿಯುತ್ತದೆ. ತಿಂಗಳಲ್ಲಿ ಎರಡು ಸಲ ತುಂಬುವಷ್ಟು ಇಳಿದರೆ ಅದು ಸೋರಿಕೆಯೇ. ಮೇಲಾಗಿ ಆ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಕೂಡಿದ ಹಳೆಯ ಆಯಿಲ್ ಬೇಗ ಕುದಿಯುತ್ತದೆ. ಆವಿಗುಳ್ಳೆ ಸೇರಿದರೆ ಪೆಡಲ್ ಒತ್ತಿದ ಕಾಲು ಸೀದಾ ಕೆಳಗೆ ಹೋಗುತ್ತದೆ. ಒಂದು ಚಕ್ರ ಕಾದ ಹಂಚು, ಅದರಲ್ಲೇ ಸೋರಿಕೆ, ಹಿಂದಿನ ಸೀಟಿನಲ್ಲಿ ಕೂಸು. ಅದರಲ್ಲಿ ನಾನು ತೊಪ್ಪೂರು ಇಳಿಸಿದ್ದೆ, ಹಾಡು ಜೋರು ಮಾಡಿಕೊಂಡು. ಅಲ್ಲೇ ಟೈರಿನ ಮೇಲೆ ಕೂತುಬಿಟ್ಟೆ.

ಸಿಲಿಂಡರ್, ಶೂ, ಕೇಬಲ್ ಹೊಸದಾಯಿತು. ಶೂಗಳನ್ನು ಎರಡೂ ಕಡೆ ಜೋಡಿಯಾಗಿಯೇ ಬದಲಿಸಬೇಕು, ಇಲ್ಲದಿದ್ದರೆ ಬ್ರೇಕು ಒಂದು ಪಕ್ಕಕ್ಕೆ ಎಳೆಯುತ್ತದೆ ಅಂದರು. ಡ್ರಮ್ಮಿನ ಮೇಲೆ ಅಚ್ಚಾಗಿದ್ದ ಮಿತಿಯ ಅಳತೆ ನೋಡಿ ತೆಳುವಾಗಿ ಕಡೆಸಿದರು. ಹಳೆಯ ಆಯಿಲ್ ಬಸಿದು ಹೊಸದು ತುಂಬಿ ಗಾಳಿ ತೆಗೆದರು. ಮಳೆಗಾಲದಲ್ಲಿ ಬಹಳ ದಿನ ನಿಲ್ಲಿಸುವುದಾದರೆ ಸಪಾಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಬೇಡಿ ಅಂತಲೂ ಹೇಳಿದರು.

ವಾಪಸು ಬರುವಾಗ ಕೋಟೆಬೆಟ್ಟದ ಬುಡದ ತನಕ ಸುಮ್ಮನೆ ಓಡಿಸಿದೆ, ಕಿಟಕಿ ಇಳಿಸಿ, ಹಾಡು ಹಾಕದೆ. ಟೈರಿನ ಸದ್ದು, ಗಾಳಿಯ ಸದ್ದು, ಅಷ್ಟೇ. ಹಿಂದೆ ಕೂತ ಅಪ್ಪ ಚಪ್ಪಲಿ ಕಳಚಿ ಎರಡೂ ಪಾದ ನೆಲಕ್ಕೆ ಊರಿದ್ದರು. ಸ್ವಲ್ಪ ದೂರ ಹೋದ ಮೇಲೆ ಕೇಳಿದೆ, “ಹೆಂಗಿದೆಯಪ್ಪ?”

ಅವರಿಗೆ ಕೇಳಿಸಲಿಲ್ಲ. ಕನ್ನಡಿಯಲ್ಲಿ ನೋಡಿದೆ. ನಿದ್ದೆ ಹೋಗಿದ್ದರು.