ಗಾಲಿಯೊಳಗಿನ ಬೀಸುಕಲ್ಲು

ಮನೆಯಲ್ಲಿ ಬೆಳೆಯುವ ಮಗುವಿನ ಎತ್ತರವನ್ನು ಮನೆಯವರಿಗಿಂತ ಮೊದಲು ನೆಂಟರು ಗುರುತಿಸುತ್ತಾರೆ. ಹಳೆಯ ಕಾರಿನ ಸಪ್ಪಳವೂ ಅಂಥದೇ. ನಮ್ಮದು 2007ರಲ್ಲಿ ಕೊಂಡ ಮಾರುತಿ 800. 15 ವರ್ಷ ತುಂಬಿದಾಗ, 2022ರಲ್ಲಿ, ಮರುನೋಂದಣಿ ಮಾಡಿಸಿ ಅದಕ್ಕೆ ಇನ್ನೈದು ವರ್ಷದ ಆಯುಷ್ಯ ಪಡೆದುಕೊಂಡೆವು. ಈ ಮಾದರಿಯ ತಯಾರಿಕೆ 2014ರಲ್ಲಿಯೇ ನಿಂತುಹೋಗಿದೆ. ಆದರೂ ನಮ್ಮ ಗುಂಜೋಟಿಯ ಓಣಿಗಳಲ್ಲಿ ತಿರುಗಿಸಲು ಇದರಷ್ಟು ಅನುಕೂಲವಾದ ಗಾಡಿ ಬೇರೊಂದಿಲ್ಲವೆಂದು ನನ್ನ ಹಟ.

2024ರ ದೀಪಾವಳಿಗೆ ಕಲಬುರಗಿಯಿಂದ ಬಂದ ಅಳಿಯಂದಿರು ಹಿಂದಿನ ಸೀಟಿನಲ್ಲಿ ಕುಳಿತು ಉಮರ್ಗಾದವರೆಗೆ ಬಂದರು. ಇಳಿಯುವಾಗ, “ಮಾವಾರ, ಗಾಡಿ ಭಾಳ ಸಪ್ಪಳ ಮಾಡ್ಲಿಕ್ಕತ್ತದಲ್ರಿ?” ಎಂದು ಕೇಳಿದರು. ರಸ್ತೆಯೇ ಹಾಗಿದೆಯೆಂದು ನಾನು ಉತ್ತರಿಸಿದೆ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ನಮ್ಮದು ಎರೆಯ ನೆಲ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನ ಮೇಲೆ ಎಂಥ ಡಾಂಬರು ಹಾಕಿದರೂ ಅದು ಅಲೆಅಲೆಯಾಗಿ ಏಳುತ್ತದೆ. ಆದರೆ ಉಮರ್ಗಾ ದಾಟಿ ಸೊಲ್ಲಾಪುರದ ಹೆದ್ದಾರಿ ಹಿಡಿದ ಮೇಲೂ ಸಪ್ಪಳ ಕಡಿಮೆಯಾಗುವುದಿಲ್ಲವೆಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ.

ಯೋಚಿಸಬೇಕಾಗಿತ್ತು. ನನ್ನ ಮನೆಯವಳ ಕಣ್ಣಿನ ಚಿಕಿತ್ಸೆಗಾಗಿ ತಿಂಗಳಿಗೊಮ್ಮೆ ಸೊಲ್ಲಾಪುರಕ್ಕೆ ಹೋಗಿಬರುತ್ತಿದ್ದೆವು. ಉಮರ್ಗಾದಿಂದ ಹೋಗುವ ದಾರಿಯೇ 90 ಕಿಲೋಮೀಟರಿಗೂ ಹೆಚ್ಚು. ಮೊದಲು ನಳದುರ್ಗದ ಕೋಟೆ ಕಾಣುವವರೆಗೆ ಒಂದೇ ಸಮನೆ ಮಾತನಾಡುತ್ತಿದ್ದವಳು ಆ ಮಳೆಗಾಲದಿಂದ ಸುಮ್ಮನೆ ಕಿಟಕಿಯಾಚೆ ನೋಡುತ್ತ ಕುಳಿತುಬಿಡುತ್ತಿದ್ದಳು. ದೃಷ್ಟಿ ಕುಂದುತ್ತಿರುವ ಚಿಂತೆ ಅವಳನ್ನು ಮೂಕಳನ್ನಾಗಿಸಿದೆಯೆಂದು ತಿಳಿದು ನಾನೂ ಮಾತನಾಡಿಸಲು ಅಂಜುತ್ತಿದ್ದೆ. ಅಳಿಯಂದಿರು ಹೋದ ರಾತ್ರಿ ಈ ಮಾತನ್ನೆತ್ತಿದಾಗ ಅವಳು ನಕ್ಕಳು. “ಚಿಂತಿ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಆ ಸಪ್ಪಳದಾಗ ಎಷ್ಟಂತ ಒದರ್ಲಿರಿ? ನನ್ನ ಕಾಲಬುಡಕ ಯಾರೋ ಕುಂತು ಜೋಳ ಬೀಸಿದಂಗ ಆಗ್ತದ” ಎಂದಳು.

ಮರುದಿನವೇ ಕಾರನ್ನು ಒಂದು ಟಾಯರಿನ ಅಂಗಡಿಗೆ ಒಯ್ದೆ. ಅಂಗಡಿಯವರು ಗಾಡಿ ಓಡಿಸಿ ನೋಡಲಿಲ್ಲ. ನಾಲ್ಕೂ ಟಾಯರು ಬದಲಿಸಬೇಕೆಂದರು. ಟಾಯರಿನ ಬದಿಯಲ್ಲಿ ಅಚ್ಚಾಗಿದ್ದ ಅಂಕಿ 3115, ಎಂದರೆ 2015ನೆಯ ವರ್ಷದ 31ನೆಯ ವಾರದಲ್ಲಿ ತಯಾರಾದದ್ದು. ಗಾಡಿ ಓಡಿದ್ದು ಕಡಿಮೆಯಾದ್ದರಿಂದ ಮೇಲಿನ ಗೀರುಗಳು ಇನ್ನೂ ಆಳವಾಗಿದ್ದವು. ಆದರೆ ಒಂಬತ್ತು ವರ್ಷದ ಬಿಸಿಲಿಗೆ ರಬ್ಬರು ಒಣಗಿ ಗಟ್ಟಿಯಾಗಿತ್ತು. ಅಂಗೈ ಸವರಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ. ಇಂಥ ಟಾಯರು ಸಪ್ಪಳ ಮಾಡುವುದು ಸಹಜವೇ. ಆದ್ದರಿಂದ ಆ ಖರ್ಚು ವ್ಯರ್ಥವಾಯಿತೆಂದು ಹೇಳಲಾರೆ. ಹೊಸ ಟಾಯರಿನಿಂದ ಅರ್ಧ ಸಪ್ಪಳ ಹೋಯಿತು. ಉಳಿದರ್ಧ ಮಾತ್ರ, ಮರೆಮಾಡುವುದೇನೂ ಇಲ್ಲದ ಕಾರಣ, ಮೊದಲಿಗಿಂತ ಸ್ಪಷ್ಟವಾಗಿ ಕೇಳತೊಡಗಿತು. ಬೀಸುಕಲ್ಲು ಅಲ್ಲಿಯೇ ಇತ್ತು.

ಆಗ ಉಮರ್ಗಾದ ಒಬ್ಬ ಹಿರಿಯ ಉಸ್ತಾದರ ಬಳಿ ಹೋದೆ. ಅವರು ಪಾನಾ ಮುಟ್ಟದೆ, ಮೊದಲು ನನ್ನ ಪಕ್ಕದಲ್ಲಿ ಬಂದು ಕುಳಿತರು. ವಾಹನವಿಲ್ಲದ ನೇರ ದಾರಿಯಲ್ಲಿ 60ರ ವೇಗಕ್ಕೆ ಏರಿಸಿ ಗಿಯರನ್ನು ನ್ಯೂಟ್ರಲ್‌ಗೆ ತರಲು ಹೇಳಿದರು. ಎಂಜಿನ್ನಿನ ದನಿ ಇಳಿಯಿತು, ಗುಂಯ್‌ಗುಡುವಿಕೆ ಇಳಿಯಲಿಲ್ಲ. ಅಲ್ಲಿಗೆ ಎಂಜಿನ್ ನಿರ್ದೋಷಿಯಾಯಿತು. ನುಣುಪಾದ ರಸ್ತೆ ಮುಗಿದು ಒರಟು ರಸ್ತೆ ಬಂದಾಗಲೂ ದನಿಯ ಜಾತಿ ಬದಲಾಗಲಿಲ್ಲ. ಟಾಯರಿನ ತಪ್ಪಾಗಿದ್ದರೆ ರಸ್ತೆಯೊಡನೆ ಅದೂ ಬದಲಾಗಬೇಕಿತ್ತು. ಬಳಿಕ ಸ್ಟೇರಿಂಗನ್ನು ಮೆಲ್ಲಗೆ ಬಲಕ್ಕೂ ಎಡಕ್ಕೂ ಹೊರಳಿಸಲು ಹೇಳಿದರು. ಬಲಕ್ಕೆ ಹೊರಳಿದಾಗ ಸಪ್ಪಳ ಏರುವುದು, ಎಡಕ್ಕೆ ಹೊರಳಿದಾಗ ಅಡಗುವುದು. ಗಾಡಿ ಬಲಕ್ಕೆ ತಿರುಗಿದರೆ ಭಾರವೆಲ್ಲ ಎಡಗಾಲಿಗಳ ಮೇಲೆ ವಾಲುತ್ತದೆ. ಭಾರ ಬಿದ್ದ ಕಡೆಯೇ ನೋವು. ಎಡಗಡೆಯ ಮುಂದಿನ ಗಾಲಿಯ ಮೇಲೆ ಕೂಡುವವಳು ನನ್ನ ಮನೆಯವಳು!

ಅಂಗಳಕ್ಕೆ ಮರಳಿ, ಜಾಕ್ ಹಾಕಿ ಗಾಲಿ ಎತ್ತಿದರು. “ಸರ, ಸ್ಪ್ರಿಂಗ್ ಮ್ಯಾಲ ಕೈ ಇಡ್ರಿ” ಎಂದು ಗಾಲಿ ತಿರುಗಿಸಿದರು. ಕಿವಿಗೆ ಹೆಚ್ಚೇನೂ ಕೇಳಿಸದಿದ್ದರೂ, ಅಂಗೈಯೊಳಗೆ ಮರಳು ಹರಿದಂತಾಯಿತು. ನನ್ನ ತಂದೆಯವರು ನೆನಪಾದರು. ದೂರದಲ್ಲಿ ಬರುವ ಬಂಡಿಯ ಕಿರುಗುಟ್ಟುವಿಕೆಯನ್ನು ಕೇಳಿಯೇ ಯಾರ ಬಂಡಿಯ ಯಾವ ಗಾಲಿಗೆ ಕೀಲೆಣ್ಣೆ ಬೇಕೆಂದು ಅವರು ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದರು. ಅವರ ಮಗನಾದ ನಾನು ತಿಂಗಳುಗಟ್ಟಲೆ ಸ್ವಂತ ಗಾಡಿಯಲ್ಲಿ ಕಿವುಡನಾಗಿ ಕುಳಿತಿದ್ದೆ.

ಕಳಚಿದ ಬೇರಿಂಗಿನಿಂದ ಹೊರಬಿದ್ದದ್ದು ಗ್ರೀಸಲ್ಲ, ಕಂದು ಕೆಸರು. ಗುಂಡುಗಳು ಓಡುವ ದಾರಿಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. ಆ ಮಳೆಗಾಲದಲ್ಲಿ ತುಂಬಿದ ಹಳ್ಳವೊಂದನ್ನು, ಬೇಡವೆಂದರೂ ಕೇಳದೆ, ದಾಟಿಸಿದ್ದೆ. ಸೀಲಿನ ಸಂದಿಯಿಂದ ಒಳಹೊಕ್ಕ ನೀರು ತನ್ನ ಕೆಲಸ ಮಾಡಿತ್ತು. ಹೀಗೆಯೇ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಕೇಳಿದೆ. ಉಸ್ತಾದರು, “ಮೊದಲ ಗಾಲಿ ಅಲ್ಲಾಡ್ತದ, ಆಮ್ಯಾಲ ಹಿಡಕೋತದ. ಹೆದ್ದಾರಿ ಮ್ಯಾಲ ಹಿಡಕೊಂಡ್ರ ಹೇಳಾಕ ಬರಂಗಿಲ್ರಿ” ಎಂದು ಅಷ್ಟಕ್ಕೇ ನಿಲ್ಲಿಸಿದರು. ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿಯದೆ ಪ್ರೆಸ್‌ನಲ್ಲಿ ಒತ್ತಿಸಿ ಕೂಡಿಸಿದರು; ಬಡಿದು ಕೂಡಿಸಿದ ಬೇರಿಂಗು ಹುಟ್ಟುವಾಗಲೇ ಗಾಯಗೊಂಡಿರುತ್ತದಂತೆ. ಕೂಲಿಯೂ ಸೇರಿ ಆದ ಖರ್ಚು ಒಂದು ಟಾಯರಿನ ಬೆಲೆಗಿಂತ ಕಡಿಮೆ.

ಮುಂದಿನ ಸಲ ಸೊಲ್ಲಾಪುರಕ್ಕೆ ಹೊರಟಾಗ ಇನ್ನೊಂದು ಸಣ್ಣ ಸಿಳ್ಳು ಕೇಳಿಸಿತು. ಹಿಂದಿನ ಬಾಗಿಲಿನ ರಬ್ಬರು ಸೆಟೆದಿರಬೇಕು. ಬಾಗಿಲ ಸಂದಿಗೆ ಹತ್ತು ರೂಪಾಯಿಯ ನೋಟು ಸಿಕ್ಕಿಸಿ ಮುಚ್ಚಿ ಎಳೆದರೆ, ಅದು ಸಲೀಸಾಗಿ ಈಚೆ ಬರುವಲ್ಲಿಯೇ ಗಾಳಿ ನುಗ್ಗುತ್ತದೆಂದು ಉಸ್ತಾದರು ಹೇಳಿಕೊಟ್ಟಿದ್ದರು. ನಿಲ್ಲಿಸಿ ನೋಡಲೇ ಎಂದು ವೇಗ ತಗ್ಗಿಸಿದೆ.

“ಯಾಕ ನಿಂದರಸ್ತೀರಿ?” ಎಂದಳು, ದನಿಯೇರಿಸದೆ. “ಹೋಗೋಣು ನಡೀರಿ. ನಾ ಮಗಳ ಮನೀ ವಿಷಯ ಹೇಳಬೇಕಂತ ಎಂದಿಂದ ಮಾಡೀನಿ.”

ನಳದುರ್ಗ ಬರುವವರೆಗೂ ಆ ವಿಷಯ ಮುಗಿಯಲಿಲ್ಲ.