ಮಾಲೀಕರು ಬೇರೆಯಾದರೂ ನಿಧಿ ಒಂದೇ

ಸೋದರಿಯರೇ, ನಮ್ಮ ನಿಪ್ಪಾಣಿಯಲ್ಲಿ ಅಡಿಗೆ ಮುಗಿಸಿ, ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟುವವರು ಎಷ್ಟೋ ಮಂದಿ. ಬೀಡಿ ಉದ್ಯಮಕ್ಕೆ ಭವಿಷ್ಯನಿಧಿ ಕಾಯ್ದೆ ಬಂದದ್ದು 1977ರಲ್ಲಿ. ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲುತ್ತದೆಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು.

ಒಬ್ಬ ಮಾಲೀಕರಲ್ಲಿ 6 ವರ್ಷ, ಇನ್ನೊಬ್ಬರಲ್ಲಿ 4 ವರ್ಷ ದುಡಿದರೂ ಲೆಕ್ಕ ಕೂಡಿ 10 ಆಗುತ್ತದೆ. 58 ತುಂಬಿದರೆ ತಿಂಗಳ ಪಿಂಚಣಿ. ನಮ್ಮ ನೆರೆಮನೆಯ ಅಕ್ಕ ಕೆಲಸ ಬಿಟ್ಟಾಗಲೆಲ್ಲ ಪಿಂಚಣಿಯ ಹಣವನ್ನೂ ತೆಗೆದರು. ದುಡಿದ ವರ್ಷಗಳೂ ಲೆಕ್ಕದಿಂದ ಹೋದವು. ಈಗ ಔಷಧಕ್ಕೂ ಮಗನ ಮುಂದೆ ಕೈಚಾಚಬೇಕು.

ನೀವು ಹಾಗೆ ಮಾಡಬ್ಯಾಡ್ರಿ. ಹೊಸ ಮಾಲೀಕರಿಗೆ ಹಳೆಯ ನಂಬರನ್ನೇ ಕೊಟ್ಟು ಖಾತೆ ವರ್ಗ ಮಾಡಿಸಿರಿ. 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ 1,000 ರೂಪಾಯಿ. ಸಣ್ಣದೇ ಹೌದು. ಆದರೆ ಯಾರನ್ನೂ ಕೇಳದೆ ಖರ್ಚು ಮಾಡುವ ಹಣ, ಅಲ್ಲವೇ?